ರಾತ್ರಿ ಗಾಳಕ್ಕೆ ಯಾವ ಎರೆ: ಜೀವಂತ ಶೆಟ್ಲಿ, ತಾರ್ಲೆ ತುಂಡು, ರಬ್ಬರ್ ಮೀನು

ಕಾರವಾರದ ಕೋಡಿಬಾಗದ ಹತ್ತಿರ ಕಾಳಿ ನದಿಯ ಅಳಿವೆಯಲ್ಲೂ ತದಡಿ ಕಡೆಯ ಅಘನಾಶಿನಿ ಹಿನ್ನೀರಿನಲ್ಲೂ ರಾತ್ರಿ ಹೊತ್ತು ಜೀವಂತ ಶೆಟ್ಲಿ (ಸಿಗಡಿ), ತಾರ್ಲೆ (ಬೂತಾಯಿ) ತುಂಡು, ರಬ್ಬರಿನ ನಕಲಿ ಮೀನು ಈ ಮೂರನ್ನೂ ಹಾಕಿ ನೋಡಿದ್ದೇವೆ. ಗುರಿ ಚೊಣಕ ಮತ್ತು ತಾಂಬೋಷಿ ಎಂಬ ಬೇಟೆ ಮೀನುಗಳು. ರಾಡು ಮೂರಕ್ಕೂ ಒಂದೇ, ಎಂಟಡಿಯದು. ರೀಲಿನಲ್ಲಿ 20 ಪೌಂಡಿನ ಬ್ರೇಡ್ (ಹೆಣೆದ ದಾರ), ಅದರ ತುದಿಗೆ ಎರಡು ಮೊಳ 40 ಪೌಂಡಿನ ದಪ್ಪ ತಂಗೂಸಿ (ನೈಲಾನ್ ದಾರ). ಚೊಣಕದ ಕಿವಿರಿನ ಮುಚ್ಚಳ ಬ್ಲೇಡಿನಷ್ಟು ಹರಿತ, ತೆಳು ದಾರವಾದರೆ ಉಜ್ಜಿ ಕಡಿದು ಹೋಗುತ್ತದೆ.

ನಮ್ಮ ಮೊದಲ ಆಯ್ಕೆ ಜೀವಂತ ಶೆಟ್ಲಿ. ನಡುಬೆರಳಿನಷ್ಟು ಉದ್ದದ್ದು ಸಾಕು, ಗಾಳ 1/0 ಅಳತೆಯದು. ಟಾರ್ಚಿನ ಬೆಳಕಿಗೆ ಹಿಡಿದರೆ ಶೆಟ್ಲಿಯ ತಲೆಯೊಳಗೆ ಒಂದು ಕಪ್ಪು ಗಂಟು ಕಾಣುತ್ತದೆ. ಗಾಳದ ಮೊನೆ ಅದಕ್ಕಿಂತ ಮುಂದೆ, ಕೊಂಬಿನ ಬುಡದಲ್ಲಿ ಹಾಯಬೇಕು. ಗಂಟಿಗೆ ತಾಗಿತೋ, ಶೆಟ್ಲಿ ಅಲ್ಲೇ ಸತ್ತಿತು. ಸರಿಯಾಗಿ ಚುಚ್ಚಿದ್ದು ಅರ್ಧ ಗಂಟೆಯಾದರೂ ನೀರಿನಲ್ಲಿ ಕಾಲಾಡಿಸುತ್ತಲೇ ಇರುತ್ತದೆ. ಬೆಂಡಿನಿಂದ ನಾಲ್ಕೈದು ಅಡಿ ಕೆಳಗೆ ಬಿಟ್ಟು, ಬೆಂಡಿಗೆ ಹಸಿರಾಗಿ ಹೊಳೆಯುವ ಕಡ್ಡಿ ಕಟ್ಟಿ, ಮೆಲ್ಲಗೆ ಬೀಸಿ. ಜೋರಾಗಿ ಎಸೆದರೆ ಶೆಟ್ಲಿ ಹರಿದು ಬೇರೆಯೇ ಹಾರುತ್ತದೆ.

ಹೊತ್ತು ಮುಖ್ಯ. ಭರತ ತುಂಬಿ ನೀರು ನಿಂತು, ಇಳಿತ ಶುರುವಾದ ಮೇಲಿನ ಒಂದೂವರೆ ಗಂಟೆ ಚೊಣಕದ ಹೊತ್ತು. ಜೆಟ್ಟಿ ದೀಪದ ಬೆಳಕು ಮುಗಿದು ನೆರಳು ಶುರುವಾಗುವ ಗೆರೆಯಲ್ಲಿ, ಕತ್ತಲ ಬದಿಗೆ, ಹರಿವಿಗೆ ಮುಖ ಮಾಡಿ ಅದು ನಿಂತಿರುತ್ತದೆ. ಶೆಟ್ಲಿಯನ್ನು ಬೆಳಕಿನಿಂದ ಆ ಗೆರೆಗೆ ತೇಲಿ ಹೋಗಲು ಬಿಡಿ. ಮೊದಲು 'ಚಪ್' ಎಂಬ ಸದ್ದು ಕಿವಿಗೆ ಬೀಳುತ್ತದೆ, ಆಮೇಲೆ ಹಸಿರು ಚುಕ್ಕೆ ನೀರೊಳಗೆ ಇಳಿಯುತ್ತದೆ. ರಾತ್ರಿ ಗಾಳದ ಸುಖವೆಲ್ಲ ಈ ಎರಡರ ನಡುವಿನ ಕ್ಷಣದಲ್ಲಿದೆ. ದಾರ ಬಿಗಿಯಾಗುವವರೆಗೆ ಕೈ ತಡೆದು ಆಮೇಲೆ ಎತ್ತಿ.

ಕಷ್ಟವಿರುವುದು ಶೆಟ್ಲಿಯನ್ನು ಬದುಕಿಸಿಕೊಳ್ಳುವುದರಲ್ಲಿ. ನಲ್ಲಿ ನೀರು, ಬಾವಿ ನೀರು ಎರಡೂ ಬೇಡ, ಹಿಡಿದ ಜಾಗದ ನೀರೇ ಬೇಕು. ಹತ್ತು ಲೀಟರಿನ ಬಕೆಟ್ಟಿಗೆ ಬ್ಯಾಟರಿಯ ಗಾಳಿ ಪಂಪು ಇಟ್ಟು ಇಪ್ಪತ್ತಕ್ಕಿಂತ ಹೆಚ್ಚು ತುಂಬಬೇಡಿ. ಸತ್ತದ್ದನ್ನು ಕೂಡಲೇ ತೆಗೆಯದಿದ್ದರೆ ನೀರು ಕೆಟ್ಟು ಉಳಿದವೂ ಸಾಯುತ್ತವೆ.

ತಾರ್ಲೆಗೆ ಈ ರಗಳೆ ಇಲ್ಲ. ಸಂಜೆ ಪೇಟೆಯಿಂದ ತಂದು, ತಲೆ ಬಾಲ ಕತ್ತರಿಸಿ, ಓರೆಯಾಗಿ ಎರಡು ತುಂಡು ಮಾಡಿ, ಕಲ್ಲುಪ್ಪಿನಲ್ಲಿ ಎರಡು ಗಂಟೆ ಇಟ್ಟರೆ ಮಾಂಸ ಗಟ್ಟಿಯಾಗುತ್ತದೆ. ಗಾಳಕ್ಕೆ ಚುಚ್ಚಿದ ಮೇಲೆ ಹೊಲಿಗೆ ದಾರ ಎಂಟು ಹತ್ತು ಸುತ್ತು ಸುತ್ತದಿದ್ದರೆ ಏಡಿಗಳು ಐದು ನಿಮಿಷದಲ್ಲಿ ಬೋಳಿಸುತ್ತವೆ. 40 ಗ್ರಾಮಿನ ಸೀಸ ಕಟ್ಟಿ ತಳಕ್ಕೆ ಬಿಡಿ, ಇಪ್ಪತ್ತು ನಿಮಿಷಕ್ಕೊಮ್ಮೆ ತುಂಡು ಬದಲಿಸಿ. ಕಲ್ಲಿನ ಸಂದಿಯ ತಾಂಬೋಷಿ ಇದಕ್ಕೆ ಬರುತ್ತದೆ. ಅದಕ್ಕಿಂತ ಹೆಚ್ಚು ಬರುವುದು ಸಂಗಟ ಎಂಬ ಮೀಸೆ ಮೀನು. ಅದರ ಬೆನ್ನಿನ ಮುಳ್ಳಿಗೂ ಎರಡು ಪಕ್ಕದ ಮುಳ್ಳಿಗೂ ವಿಷವಿದೆ, ಕತ್ತಲಲ್ಲಿ ಬರಿಗೈಯಲ್ಲಿ ಹಿಡಿಯಲೇಬೇಡಿ, ಇಕ್ಕಳದಿಂದ ಗಾಳ ಬಿಡಿಸಿ. ಚುಚ್ಚಿದರೆ ಸುಡದಷ್ಟು ಬಿಸಿ ನೀರಿನಲ್ಲಿ ಅರ್ಧ ಗಂಟೆ ಅದ್ದಿಟ್ಟರೆ ನೋವು ತಗ್ಗುತ್ತದೆ. ಮುಳ್ಳು ಒಳಗೇ ಮುರಿದಿದ್ದರೆ ಡಾಕ್ಟರ ಹತ್ತಿರವೇ ಹೋಗಬೇಕು.

ರಬ್ಬರ್ ಮೀನು, ನಾಲ್ಕಿಂಚಿನದು, 10 ಗ್ರಾಮಿನ ಸೀಸದ ತಲೆಯದು, ಜೆಟ್ಟಿ ದೀಪವಿದ್ದಲ್ಲಿ ಮಾತ್ರ ಶೆಟ್ಲಿಗೆ ಸರಿಸಾಟಿ. ಕಪ್ಪು ಅಥವಾ ಗಾಢ ಬಣ್ಣದ್ದೇ ಒಳ್ಳೆಯದು. ಕೆಳಗಿನಿಂದ ನೋಡುವ ಮೀನಿಗೆ ಅದರ ಆಕಾರ ಸ್ಪಷ್ಟ. ಹಗಲಿನ ಅರ್ಧ ವೇಗದಲ್ಲಿ ಸುತ್ತಿ. ಅಮಾವಾಸ್ಯೆಯ ಸುಮಾರಿಗೆ ಕೆಲವು ರಾತ್ರಿ ನೀರೇ ಮಿನುಗುತ್ತದೆ, ದಾರ ಎಳೆದಲ್ಲೆಲ್ಲ ನೀಲಿ ಗೆರೆ ಏಳುತ್ತದೆ. ನೋಡಲು ಎರಡು ಕಣ್ಣು ಸಾಲದು, ಆದರೆ ಆ ರಾತ್ರಿ ರಬ್ಬರಿಗೆ ಮೀನು ಬೀಳುವುದು ಕಡಿಮೆ. ಅಘನಾಶಿನಿಯ ಬಳಚು ಚಿಪ್ಪಿನ ತಳದಲ್ಲಂತೂ ದಾರ ಕುಯ್ದು ರಬ್ಬರ್ ಮೀನು ಒಂದೊಂದೇ ಕಳೆದುಹೋಗುತ್ತದೆ.

ಮಳೆಗಾಲದಲ್ಲಿ ಕದ್ರಾ ಅಣೆಕಟ್ಟಿನ ಗೇಟು ತೆರೆದಾಗ ಈ ಲೆಕ್ಕ ಬುಡಮೇಲು. ಕಾಳಿ ಕೆಂಪಾಗಿ ಸಿಹಿ ನೀರು ನುಗ್ಗುತ್ತದೆ, ಬಕೆಟ್ಟಿನ ಶೆಟ್ಲಿ ಅದರಲ್ಲಿ ಹೆಚ್ಚು ಹೊತ್ತು ತಡೆಯದು, ರಬ್ಬರ್ ಮೀನು ಯಾರಿಗೂ ಕಾಣದು. ಆಗ ವಾಸನೆಯ ತಾರ್ಲೆ ತುಂಡು ಒಂದೇ ಗತಿ, ಅದೂ ದಡದಿಂದ ಹಿಂದೆ ನಿಂತು.