ಕತ್ತಿನ ಶಸ್ತ್ರಚಿಕಿತ್ಸೆಯಲ್ಲಿ ನರಗಳ ಕಾವಲು: ಎಸ್‌ಎಸ್‌ಇಪಿಯೋ, ಎಂಇಪಿಯೋ?

ಕತ್ತಿನ ಬೆನ್ನುಹುರಿಯ ಮೇಲಿನ ಒತ್ತಡ ತೆಗೆಯುವ ಶಸ್ತ್ರಚಿಕಿತ್ಸೆಗಳಿಗೆ ನಾನು ಅರಿವಳಿಕೆ ಕೊಡುತ್ತೇನೆ. ಆಗ ನರಗಳಿಗೆ ಪೆಟ್ಟಾಗುತ್ತಿದೆಯೇ ಎಂದು ಕಾಯುವ ಮುಖ್ಯ ವಿಧಾನಗಳು ಎರಡು: ಕೈಕಾಲಿನ ನರವನ್ನು ಪ್ರಚೋದಿಸಿ ಮಿದುಳಿಗೆ ತಲುಪುವ ಸಂಕೇತ ನೋಡುವ ಎಸ್‌ಎಸ್‌ಇಪಿ, ಮಿದುಳನ್ನು ಪ್ರಚೋದಿಸಿ ಸ್ನಾಯುಗಳ ಉತ್ತರ ನೋಡುವ ಎಂಇಪಿ. ಒಂದೇ ಸಿಗುವುದಾದರೆ ನನ್ನ ಆಯ್ಕೆ ಎಂಇಪಿ. ಹಿಂದೆ ನಾನಿದ್ದ ಆಸ್ಪತ್ರೆಯವರು ಎಸ್‌ಎಸ್‌ಇಪಿ ಮಾತ್ರ ಇರುವ ಯಂತ್ರ ಕೊಂಡಿದ್ದರು. ಒಬ್ಬ ರೋಗಿಯ ಲ್ಯಾಮಿನೆಕ್ಟಮಿ (ಬೆನ್ನುಮೂಳೆಯ ಹಿಂಬದಿಯ ಎಲುಬು ತೆಗೆಯುವ ಶಸ್ತ್ರಚಿಕಿತ್ಸೆ) ಮುಗಿಯುವವರೆಗೂ ಪರದೆಯ ಅಲೆಗಳು ಕದಲಲಿಲ್ಲ. ಎಚ್ಚರವಾದ ಮೇಲೆ ಅವರಿಗೆ ಪಾದ ಮುಟ್ಟಿದ್ದು ತಿಳಿಯುತ್ತಿತ್ತು, ಆದರೆ ಕಾಲು ಎತ್ತಲಾಗಲಿಲ್ಲ. ಎಸ್‌ಎಸ್‌ಇಪಿ ಹಾದುಹೋಗುವುದು ಬೆನ್ನುಹುರಿಯ ಹಿಂಭಾಗದ ಸಂವೇದನಾ ಹಾದಿಯಲ್ಲಿ. ಚಲನೆಯ ಹಾದಿಗೆ ಪೆಟ್ಟಾದರೂ ಅದು ಸುಮ್ಮನಿರಬಲ್ಲದು. ಮೇಲಾಗಿ, ನೂರಾರು ಪ್ರತಿಕ್ರಿಯೆಗಳ ಸರಾಸರಿ ಸಿಕ್ಕ ಮೇಲಷ್ಟೇ ಅಲೆಯ ಎತ್ತರ 50% ತಗ್ಗಿದೆಯೇ, ಅದು ತಲುಪುವ ಸಮಯ 10% ಹೆಚ್ಚಿದೆಯೇ ಎಂದು ನೋಡಬೇಕು.

ಎಂಇಪಿ ನೆತ್ತಿಯಿಂದ ಮಿದುಳನ್ನು ಪ್ರಚೋದಿಸಿ ಕೈಕಾಲಿನ ಸ್ನಾಯುಗಳ ಉತ್ತರವನ್ನು ಕ್ಷಣದಲ್ಲೇ ತೋರಿಸುತ್ತದೆ. ರೋಗಿ ಅದುರುವುದರಿಂದ ಸರ್ಜನ್ ಕೈ ತೆಗೆಯಬೇಕು, ನಾಲಿಗೆ ಕಚ್ಚದಂತೆ ಬಾಯಿಗೆ ಬೈಟ್ ಬ್ಲಾಕ್ ಇಡಬೇಕು. ಇವು ಸಣ್ಣ ಮಾತು.

ನಿಜವಾದ ತೊಡಕು ನಮ್ಮಂಥ ಅರಿವಳಿಕೆಯವರ ಹಳೆಯ ಅಭ್ಯಾಸ. ನನ್ನ ಮೊದಲ ಎಂಇಪಿ ಕೇಸಿನಲ್ಲಿ, ಟ್ಯೂಬ್ ಹಾಕುವಾಗ ಎಂದಿನಂತೆ ಸ್ನಾಯುಗಳನ್ನು ಸಡಿಲಿಸುವ ವೆಕ್ಯುರೋನಿಯಂ ಪೂರ್ಣ ಪ್ರಮಾಣದಲ್ಲಿ ಕೊಟ್ಟು, ಉಸಿರಿನ ಮೂಲಕ ಕೊಡುವ ಅರಿವಳಿಕೆ ಸೆವೊಫ್ಲುರೇನ್ ಹಚ್ಚಿ ಕುಳಿತೆ. ಆರಂಭಿಕ ಅಲೆಯೇ ಬರಲಿಲ್ಲ. ತಂತ್ರಜ್ಞ ಸೂಜಿಗಳನ್ನು ಒಂದೊಂದಾಗಿ ಚುಚ್ಚಿ ನೋಡಿದ, ಸರ್ಜನ್ ಕೈ ತೊಳೆದು ನಿಂತೇ ಇದ್ದರು; ಟ್ರೇನ್ ಆಫ್ ಫೋರ್ (ನರಕ್ಕೆ ನಾಲ್ಕು ಸಲ ವಿದ್ಯುತ್ ಕೊಟ್ಟು ಸ್ನಾಯು ಎಷ್ಟು ಸಲ ಮಿಡಿಯುತ್ತದೆಂದು ನೋಡುವ ಪರೀಕ್ಷೆ) ಮಾಡಿದಾಗ ಸ್ನಾಯು ಒಮ್ಮೆಯೂ ಮಿಡಿಯಲಿಲ್ಲ, ಅಂದರೆ ತಪ್ಪು ಯಂತ್ರದ್ದಲ್ಲ, ನನ್ನ ಸಿರಿಂಜಿನದು.

ಬೆನ್ನುಹುರಿ ಮೊದಲೇ ನಲುಗಿದವರಲ್ಲಿ ಅಲೆ ಹೇಗೂ ಸಣ್ಣದಿರುತ್ತದೆ, ಆದ್ದರಿಂದ ಸ್ವಲ್ಪ ಸೆವೊಫ್ಲುರೇನ್ ಕೂಡ ಅದನ್ನು ನುಂಗಿಬಿಡಬಹುದು. ಈಗ ಅದರ ಬದಲು ರಕ್ತನಾಳಕ್ಕೆ ಕೊಡುವ ಅರಿವಳಿಕೆ ಪ್ರೊಪೊಫಾಲ್ ಮತ್ತು ನೋವು ನಿವಾರಕ ಫೆಂಟನಿಲ್ ಅನ್ನು ಪಂಪಿನಲ್ಲಿ ಹರಿಸುತ್ತೇನೆ; ಕತ್ತು ಹೊರಳಿಸುವುದೇ ಅಪಾಯವಾದ್ದರಿಂದ ರೋಗಿಯನ್ನು ಬೋರಲು ಮಲಗಿಸುವ ಮೊದಲೇ ಆರಂಭಿಕ ಅಲೆ ದಾಖಲಿಸಿಕೊಳ್ಳುತ್ತೇವೆ. ನಡುವೆ ಅಲೆ ಕುಸಿದರೆ ಸರ್ಜನ್‌ಗೆ ಕೈ ನಿಲ್ಲಿಸಲು ಹೇಳಿ, ಅವರ ಉಪಕರಣವನ್ನು ದೂರುವ ಮೊದಲು ರೋಗಿಯ ರಕ್ತದೊತ್ತಡದ ಅಂಕಿ ನೋಡುತ್ತೇನೆ; ಅದು ಇಳಿದರೂ ಅಲೆ ಕುಸಿಯಬಹುದು.

ಸ್ನಾಯುಗಳ ವಿದ್ಯುತ್ ಚಟುವಟಿಕೆ ನೋಡುವ ಇಎಂಜಿ ನರಬೇರುಗಳ ಕಾವಲಿಗೆ ಒಳ್ಳೆಯದು, ಆದರೆ ತಣ್ಣನೆಯ ಸಲೈನ್ ಸುರಿದರೂ ಸದ್ದು ಮಾಡಬಲ್ಲದು. 1973ರಲ್ಲಿ ಸ್ಟ್ಯಾಗ್ನಾರಾ ಮತ್ತು ಸಂಗಡಿಗರು ವರದಿ ಮಾಡಿದ, ನಡುವೆ ಎಬ್ಬಿಸಿ ಕಾಲಾಡಿಸಲು ಹೇಳುವ ಪರೀಕ್ಷೆ ಯಂತ್ರ ಬೇಡದಷ್ಟು ಅಗ್ಗ. ತಲೆ ಕ್ಲಾಂಪಿನಲ್ಲಿ ಬಿಗಿದಿರುವಾಗ ಅದಕ್ಕೆ ನನಗೆ ಧೈರ್ಯವಿಲ್ಲ.

ಹಣವಿದ್ದರೆ ಎಸ್‌ಎಸ್‌ಇಪಿ, ಎಂಇಪಿ ಎರಡೂ ಇರಲಿ. ಪಂಪು, ಪ್ರೊಪೊಫಾಲ್ ಖರ್ಚಿನ ಬಗ್ಗೆ ನಮ್ಮ ಆಡಳಿತದವರು ಇನ್ನೂ ಗೊಣಗುತ್ತಾರೆ. ನಾನಂತೂ ಈ ಕೇಸುಗಳಲ್ಲಿ ವೆಕ್ಯುರೋನಿಯಂ ಅನ್ನು ಟ್ರೇಯಲ್ಲೇ ಇಡಿಸುವುದಿಲ್ಲ.