ಗೇಟಿನ ವಿಡಿಯೋ ಇಂಟರ್‌ಕಾಮ್: ಮೂರು ವರ್ಷ ಬಳಸಿದ ಮೇಲೆ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಮ್ಮದು 18 ಮನೆಗಳ ಹಳೆಯ ಅಪಾರ್ಟ್‌ಮೆಂಟ್. 2022ರ ದೀಪಾವಳಿ ಹೊತ್ತಿಗೆ ಗೇಟಿಗೆ ವಿಡಿಯೋ ಇಂಟರ್‌ಕಾಮ್ ಮತ್ತು ಕಾರ್ಡ್ ಲಾಕ್ ಹಾಕಿಸಿದೆವು. ಆಗಿನಿಂದ ಇವತ್ತಿನವರೆಗೂ ನಮ್ಮ ಅಸೋಸಿಯೇಶನ್ನಿನ ಖಜಾಂಚಿ ನಾನೇ. ಬಿಲ್ಲು, ರಿಪೇರಿ, ದೂರು ಎಲ್ಲ ನನ್ನ ಹತ್ತಿರವೇ ಬರುತ್ತವೆ. ಈಗ ಗೋಕುಲ ರೋಡ್, ನವನಗರ, ಭೈರಿದೇವರಕೊಪ್ಪದ ಕಡೆ ಏಳುತ್ತಿರುವ ಹೊಸ ಕಟ್ಟಡಗಳ ಜಾಹೀರಾತಿನಲ್ಲಿ ಲಿಫ್ಟ್, ಪಾರ್ಕಿಂಗ್ ಜೊತೆಗೆ 'ವಿಡಿಯೋ ಡೋರ್ ಫೋನ್' ಅನ್ನುವುದೂ ಇರುತ್ತದೆ. ಹಳೆಯ ಅಪಾರ್ಟ್‌ಮೆಂಟಿನವರೂ ವಿಚಾರಿಸತೊಡಗಿದ್ದಾರೆ. ಕೇಳಿದವರಿಗೆಲ್ಲ ಫೋನಿನಲ್ಲಿ ಅರ್ಧ ಗಂಟೆ ಹೇಳುವ ಬದಲು ಒಮ್ಮೆ ಪೂರ್ತಿ ಬರೆದುಬಿಡೋಣ ಅನಿಸಿತು.

ಕಂಪನಿ ಹೆಸರು ಬರೆಯುವುದಿಲ್ಲ. ನಮಗಾದ ತೊಂದರೆಗಳಲ್ಲಿ ಹೆಚ್ಚಿನವು ಡಬ್ಬಿಯೊಳಗಿನ ಸಾಮಾನಿನಿಂದ ಆದವಲ್ಲ, ಅದನ್ನು ಕೂರಿಸಿದ ರೀತಿಯಿಂದ ಆದವು. ಯಾವ ಬ್ರ್ಯಾಂಡ್ ತಗೊಂಡರೂ ಇವು ನಿಮಗೂ ಆಗಬಹುದು.

ಮೊದಲು ನಮ್ಮ ಹತ್ತಿರ ಏನಿದೆ ಅಂತ ಹೇಳುತ್ತೇನೆ. ಗೇಟಿನ ಹೊರಗೆ ಒಂದು ಪ್ಯಾನಲ್. ಅದರಲ್ಲಿ ಕ್ಯಾಮೆರಾ, ಮೈಕು, ನಂಬರ್ ಗುಂಡಿಗಳು, ಕಾರ್ಡ್ ಮತ್ತು ಬೆರಳು ಓದುವ ಜಾಗ. ಪ್ರತಿ ಮನೆಯೊಳಗೆ 7 ಇಂಚಿನ ಪರದೆ. ಬಂದವರು ಮನೆ ನಂಬರ್ ಒತ್ತಿದರೆ ಒಳಗೆ ಪರದೆ ಬಾರಿಸುತ್ತದೆ. ಯಾರೂ ಎತ್ತದಿದ್ದರೆ ಮೊಬೈಲಿಗೆ ಕರೆ ಬರುತ್ತದೆ. ಮುಖ ನೋಡಿ, ಮಾತಾಡಿ, ಗುಂಡಿ ಒತ್ತಿದರೆ ಗೇಟಿನ ಲಾಕ್ ಬಿಡುತ್ತದೆ. ಕೇಬಲ್ ಎಳೆದ ಕೂಲಿ ಸೇರಿ ಒಟ್ಟು 2 ಲಕ್ಷ 70 ಸಾವಿರ ಆಯಿತು, ಮನೆಗೆ 15 ಸಾವಿರ. ವರ್ಷದ ಎಎಂಸಿ, ಅಂದರೆ ನಿರ್ವಹಣೆಯ ಒಪ್ಪಂದ, 12 ಸಾವಿರ.

ಇದು ಬೇಕಿತ್ತಾ ಅಂತ ಕೇಳಿದರೆ, ಬೇಕಿತ್ತು. ನಮ್ಮ ಅತ್ತೆಗೆ 78 ವರ್ಷ. ಹಗಲು ಮನೆಯಲ್ಲಿ ಅವರೊಬ್ಬರೇ. ಕಿವಿ ಸ್ವಲ್ಪ ಮಂದ. ಮೊದಲೆಲ್ಲ ಬಾಗಿಲು ಬಡಿದರೆ ಯಾರು ಏನು ಅಂತ ತಿಳಿಯದೆ ತೆಗೆದುಬಿಡುತ್ತಿದ್ದರು. ಈಗ ಪರದೆಯಲ್ಲಿ ಮುಖ ಕಾಣುತ್ತದೆ. ಒಂದು ಮಧ್ಯಾಹ್ನ ಇಬ್ಬರು ಹುಡುಗರು ಬಂದು, ಬಂಗಾರ, ಹಿತ್ತಾಳೆಗೆ ಪಾಲಿಶ್ ಮಾಡುವ ಪುಡಿ ಇದೆ, ಪುಕ್ಕಟೆ ತೋರಿಸುತ್ತೇವೆ ಅಂದರಂತೆ. ಈ ಪಾಲಿಶ್ ಮಾಡುವವರ ಕೈಗೆ ಕೊಟ್ಟ ಬಳೆ ಹಗುರಾಗಿ ವಾಪಸ್ ಬಂದ ಕಥೆ ಎಲ್ಲ ಊರಲ್ಲೂ ಇದೆ. ಅತ್ತೆ "ನಮಗ ಬ್ಯಾಡಪಾ, ಹೋಗ್ರಿ" ಅಂದು ಪರದೆ ಆರಿಸಿದರು. ಅಷ್ಟೇ. ಬಾಗಿಲವರೆಗೂ ಬಂದು ನಿಂತವರಿಗೆ ಅವರು ಹಾಗೆ ಹೇಳಲಾಗುತ್ತಿರಲಿಲ್ಲ, ಸಂಕೋಚದ ಜೀವ. ಆ ಒಂದು ಮಧ್ಯಾಹ್ನಕ್ಕೇ 15 ಸಾವಿರ ವಸೂಲಾಯಿತು ಅಂತ ನನಗನಿಸಿತು.

ಇನ್ನು ಕೇಬಲ್ ವಿಷಯ. ಪ್ರತಿ ಮನೆಗೂ ವೈ-ಫೈ ಬೆಲ್ ಹಾಕಿದರೆ ಖರ್ಚು ಅರ್ಧವಾಗುತ್ತದೆ ಅಂತ ಒಬ್ಬರು ಹೇಳಿದ್ದರು. ನಾವು ಒಪ್ಪಲಿಲ್ಲ. ಪ್ರತಿ ಮಹಡಿಗೂ ಕ್ಯಾಟ್-6 ಅನ್ನುವ ನೆಟ್‌ವರ್ಕ್ ಕೇಬಲ್ ಎಳೆಸಿ, ಆ ಕೇಬಲ್ಲುಗಳೆಲ್ಲ ಬಂದು ಸೇರುವ ಪೆಟ್ಟಿಗೆ, ಅಂದರೆ ಪಿಒಇ ಸ್ವಿಚ್, ಹಾಕಿಸಿದೆವು. ಅಂದರೆ ಒಂದೇ ಕೇಬಲ್ಲಿನಲ್ಲಿ ಕರೆಂಟೂ ಹೋಗುತ್ತದೆ, ಚಿತ್ರವೂ ಹೋಗುತ್ತದೆ. ಇದರಲ್ಲಿ ದೊಡ್ಡ ಲಾಭ ಒಂದಿದೆ. ಇಂಟರ್ನೆಟ್ ಹೋದರೂ ಗೇಟಿನಿಂದ ಮನೆಯ ಪರದೆಗೆ ಕರೆ ಬರುತ್ತದೆ, ಲಾಕೂ ತೆಗೆಯುತ್ತದೆ. ಮೊಬೈಲ್ ಆ್ಯಪ್ ಮಾತ್ರ ನಿಲ್ಲುತ್ತದೆ. ಕೊಳ್ಳುವ ಮುಂಚೆ ಅಂಗಡಿಯವರಿಗೆ ಕೇಳಬೇಕಾದ ಮೊದಲ ಪ್ರಶ್ನೆ ಇದು: ನೆಟ್ ತೆಗೆದುಬಿಟ್ಟರೆ ಏನೇನು ನಡೆಯುತ್ತದೆ? ಬಾಯಿಮಾತು ಸಾಲದು, ವೈರ್ ಕಿತ್ತು ತೋರಿಸಿ ಅನ್ನಿ.

ಎರಡನೇ ಪ್ರಶ್ನೆ ಕರೆಂಟಿನದು. ಇಲ್ಲಿ ನಾವು ಕಷ್ಟಪಟ್ಟಿದ್ದೇವೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮ ಗೇಟಿಗೆ ಇರುವುದು ಮ್ಯಾಗ್ನೆಟಿಕ್ ಲಾಕ್. ಇಂಥ ಲಾಕಿಗೆ ನಾಲಿಗೆ, ಕೊಂಡಿ ಏನೂ ಇರುವುದಿಲ್ಲ. ಕರೆಂಟ್ ಹರಿಯುವವರೆಗೆ ಅಯಸ್ಕಾಂತವಾಗಿ ಕಬ್ಬಿಣದ ಪಟ್ಟಿಯನ್ನು ಹಿಡಿದಿರುತ್ತದೆ. ನಮ್ಮದು 600 ಪೌಂಡಿನದು, ಅಂದರೆ ಸುಮಾರು 270 ಕೆಜಿ ಎಳೆತ ತಡೆಯುತ್ತದೆ. ಕರೆಂಟ್ ನಿಂತರೆ ಆ ಕ್ಷಣವೇ ಬಿಡುತ್ತದೆ. ಬೆಂಕಿ ಬಿದ್ದಾಗ ಜನ ಒಳಗೆ ಸಿಕ್ಕಿಕೊಳ್ಳಬಾರದು ಅಂತಲೇ ಹಾಗೆ ಮಾಡಿರುತ್ತಾರೆ, ಅದು ಸರಿಯೇ. ಆದರೆ ಕತ್ತಲಾದ ರಾತ್ರಿ ಗೇಟು ತಾನೇ ತೆರೆದುಕೊಳ್ಳಬಾರದಲ್ಲ. ಅದಕ್ಕೆ 12 ವೋಲ್ಟಿನ 7 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಕೊಟ್ಟಿದ್ದರು.

ಮೊದಲ ಸಲ ದೀರ್ಘ ಹೊತ್ತು ಕರೆಂಟ್ ಹೋದಾಗ ತಿಳಿದದ್ದು ಬೇರೆಯೇ. ಬ್ಯಾಟರಿ ಲಾಕಿಗೆ ಮಾತ್ರ ಇತ್ತು. ಪಿಒಇ ಸ್ವಿಚ್ಚಿಗೆ ಇರಲಿಲ್ಲ. ಸ್ವಿಚ್ ಆರಿದ್ದರಿಂದ ಪ್ಯಾನಲ್ ಆರಿತು. ಕಾರ್ಡ್ ಓದುವುದೂ ಪ್ಯಾನಲ್ಲೇ ಅಲ್ವಾ? ಹೀಗಾಗಿ ಲಾಕ್ ಗಟ್ಟಿಯಾಗಿ ಹಿಡಿದಿತ್ತು, ಹೊರಗಿನಿಂದ ತೆಗೆಯುವ ದಾರಿಯೇ ಇರಲಿಲ್ಲ. ಶಾಲೆ ಬಿಟ್ಟು ಬಂದ ಮಕ್ಕಳು ಬ್ಯಾಗ್ ಹೊತ್ತುಕೊಂಡು ರಸ್ತೆಯಲ್ಲಿ ನಿಂತಿದ್ದರು. ಕೆಳಗಿನ ಮನೆಯ ಕಾಕಾ ಕೂಗು ಕೇಳಿ ಬಂದು ಗೇಟಿನ ಒಳಬದಿಗಿರುವ ಗುಂಡಿ ಒತ್ತಿ ತೆಗೆದರು. ಕೂರಿಸಿದವರನ್ನು ಕರೆಸಿ ಕೇಳಿದರೆ ಅವರಿಗೂ ಅದು ಹೊಳೆದಿರಲಿಲ್ಲ. ಆಮೇಲೆ ಸ್ವಿಚ್ಚನ್ನು ನಮ್ಮ ಮೆಟ್ಟಿಲ ಲೈಟಿನ ಇನ್ವರ್ಟರಿಗೆ ಸೇರಿಸಿದೆವು. ಅಲ್ಲಿಂದ ಆ ತೊಂದರೆ ಇಲ್ಲ.

ಲಾಕ್ ಸುಮಾರು ಅರ್ಧ ಆಂಪಿಯರ್ ಎಳೆಯುತ್ತದೆ. ಬ್ಯಾಟರಿ ಹೊಸದಿದ್ದಾಗ ಹತ್ತು ಗಂಟೆ ಮೀರಿ ಬರುತ್ತಿತ್ತು. ಎರಡು ವರ್ಷ ಕಳೆದ ಮೇಲೆ ಒಂದು ಗಂಟೆಯೂ ನಿಲ್ಲಲಿಲ್ಲ. ಬ್ಯಾಟರಿ ಸತ್ತಿದ್ದನ್ನು ಯಾವ ಆ್ಯಪೂ ನಮಗೆ ಹೇಳಲಿಲ್ಲ. ಈಗ ನಾನೇ ಪ್ರತಿ ತಿಂಗಳ ಮೊದಲ ಭಾನುವಾರ ಮೇನ್ ಆಫ್ ಮಾಡಿ ಗಡಿಯಾರ ಹಿಡಿದು ನೋಡುತ್ತೇನೆ. ಎರಡು ವರ್ಷಕ್ಕೊಮ್ಮೆ ಬ್ಯಾಟರಿ ಬದಲಿಸುವುದನ್ನು ಎಎಂಸಿ ಕಾಗದದಲ್ಲೇ ಬರೆಸಿದ್ದೇನೆ. ನೀವೂ ಬರೆಸಿಕೊಳ್ಳಿ.

2024ರ ಮೇ ತಿಂಗಳಲ್ಲಿ ಒಂದು ಗುಡುಗು ಮಳೆಗೆ ಸ್ವಿಚ್ಚೂ ನಾಲ್ಕು ಮನೆಗಳ ಪರದೆಗಳೂ ಸುಟ್ಟವು. 38 ಸಾವಿರ ಹೋಯಿತು. ಸಿಡಿಲಿಗೆ ವಾರಂಟಿ ಇಲ್ಲ ಅಂದರು. ಅರ್ಥಿಂಗ್ ಗುಂಡಿ ತೆಗೆಸಿ ನೋಡಿದರೆ ಬೇಸಿಗೆಗೆ ಮಣ್ಣೆಲ್ಲ ಒಣಗಿ ಬಿರುಕು ಬಿಟ್ಟಿತ್ತು. ನಮ್ಮ ಎರೆಮಣ್ಣು ಗೊತ್ತಲ್ಲ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ಹೊಸ ಅರ್ಥಿಂಗ್ ಮಾಡಿಸಿ, ದಿಢೀರ್ ಏರುವ ವೋಲ್ಟೇಜ್ ತಡೆಯುವ ಸರ್ಜ್ ಪ್ರೊಟೆಕ್ಟರ್ ಹಾಕಿಸಿದೆವು. ಬೇಸಿಗೆಯಲ್ಲಿ ಆ ಗುಂಡಿಗೆ ವಾರಕ್ಕೊಂದು ಕೊಡ ನೀರು ಹಾಕುತ್ತೇವೆ.

ಧೂಳು, ಮಳೆಗೆ ಪ್ಯಾನಲ್ ಚೆನ್ನಾಗಿ ತಾಳಿದೆ. ಐಪಿ65 ಅಂತ ಬರೆದಿರುತ್ತಾರೆ. ಅದರಲ್ಲಿ 6 ಅಂದರೆ ಧೂಳು ಒಳಗೆ ಹೋಗುವುದಿಲ್ಲ, 5 ಅಂದರೆ ಪೈಪಿನಿಂದ ನೀರು ಹೊಡೆದರೂ ತಡೆಯುತ್ತದೆ ಅಂತ. ಆದರೆ ಹಿಂದೆ ವೈರ್ ಹೋಗುವ ತೂತನ್ನು ಸಿಲಿಕೋನ್ ಹಾಕಿ ಮುಚ್ಚಿರಲಿಲ್ಲ. ಅಲ್ಲಿಂದ ಇರುವೆ ಹೋಗಿ ಗೂಡು ಕಟ್ಟಿದ್ದವು. ಮುಚ್ಚಿಸಿ, ಮೇಲೊಂದು ಸಣ್ಣ ತಗಡು ಹೊದಿಸಿದೆವು. ಕ್ಯಾಮೆರಾ ಗಾಜನ್ನು ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಲೇಬೇಕು, ಹುಬ್ಬಳ್ಳಿ ಧೂಳಿಗೆ ಬೇರೆ ಉಪಾಯವಿಲ್ಲ. ನಮ್ಮ ಗೇಟು ಪಶ್ಚಿಮಕ್ಕಿದೆ. ಸಂಜೆ ಬಿಸಿಲು ಕ್ಯಾಮೆರಾಕ್ಕೆ ನೇರ ಬಿದ್ದು ಬಂದವರ ಮುಖ ಕಪ್ಪಗೆ ಕಾಣುತ್ತಿತ್ತು. ಬೆಳಕು-ನೆರಳು ಸರಿದೂಗಿಸುವ ಡಬ್ಲ್ಯುಡಿಆರ್ ಅನ್ನುವ ಸೆಟ್ಟಿಂಗ್ ಆನ್ ಮಾಡಿದ ಮೇಲೆ ಪರವಾಗಿಲ್ಲ.

ಕಾರ್ಡಿನ ವಿಷಯದಲ್ಲಿ ನಮಗೆ ದಿಗಿಲಾದದ್ದು ಎರಡನೇ ವರ್ಷ. ಮನೆಗೆ ಮೂರೇ ಕಾರ್ಡ್ ಕೊಟ್ಟಿದ್ದೆವು. ಒಂದು ಮನೆಯಲ್ಲಿ ಐದು ಜನರ ಹತ್ತಿರ ಕಾರ್ಡ್ ಇದ್ದವು. ವಿಚಾರಿಸಿದರೆ, ಕೀಲಿ ಮಾಡುವ ಅಂಗಡಿಯಲ್ಲಿ ಎರಡು ಕಾಪಿ ಮಾಡಿಸಿದ್ದರಂತೆ. ನಮಗೆ ಕೊಟ್ಟಿದ್ದು 125 ಕಿಲೋಹರ್ಟ್ಸಿನ ಅಗ್ಗದ ಕಾರ್ಡು. ಅದು ರೀಡರ್ ಹತ್ತಿರ ಹೋದರೆ ತನ್ನ ನಂಬರನ್ನು ಹಾಗೇ ಹೇಳಿಬಿಡುತ್ತದೆ. ಕೈಯಲ್ಲಿ ಹಿಡಿಯುವ ಸಣ್ಣ ಮಶೀನಿನಿಂದ ಯಾರು ಬೇಕಾದರೂ ನಕಲು ಮಾಡಬಹುದು. 13.56 ಮೆಗಾಹರ್ಟ್ಸಿನ ಕಾರ್ಡೆಂದರೆ ಭದ್ರ ಅಂತಲೂ ನಂಬಬೇಡಿ. ಅದರಲ್ಲಿ ಬಹಳ ಪ್ರಚಲಿತವಾದ ಮೈಫೇರ್ ಕ್ಲಾಸಿಕ್‌ನ ಗುಟ್ಟನ್ನು 2008ರಲ್ಲೇ ಸಂಶೋಧಕರು ಒಡೆದಿದ್ದಾರೆ. ಸುಲಭಕ್ಕೆ ನಕಲಾಗದ ಡೆಸ್‌ಫೈರ್ ಅನ್ನುವ ಜಾತಿಯ ಕಾರ್ಡ್ ಕೇಳಿ ತಗೊಳ್ಳಿ. ನಾವು ಆಮೇಲೆ ಅದಕ್ಕೇ ಬದಲಾದೆವು, ಒಂದು ಕಾರ್ಡಿಗೆ ಜಾಸ್ತಿ ದುಡ್ಡಾದರೂ ಸರಿ. ಇನ್ನೊಂದು: ಕರೆಂಟ್ ಕಡಿದು ಲಾಕ್ ಬಿಡಿಸುವ ಸಣ್ಣ ಸಾಧನ, ಅಂದರೆ ರಿಲೇ, ಹೊರಗಿನ ಪ್ಯಾನಲ್ಲಿನಲ್ಲಿ ಇರಬಾರದು. ಇದ್ದರೆ ನಾಲ್ಕು ಸ್ಕ್ರೂ ಬಿಚ್ಚಿ ಒಂದು ವೈರ್ ಕತ್ತರಿಸಿದರೆ ಗೇಟು ತೆರೆಯುತ್ತದೆ. ಅದು ಗೋಡೆಯ ಒಳಬದಿಗೆ ಇರಬೇಕು.

ಈಗ ನನ್ನ ಮನಸ್ಸಿಗೆ ಹತ್ತಿರದ ವಿಷಯ.

ನಮ್ಮ ಅಪಾರ್ಟ್‌ಮೆಂಟಿನ ಆರು ಮನೆಗಳಿಗೆ ರೊಟ್ಟಿ ಬಡಿಯಲು ಒಬ್ಬ ಅಕ್ಕ ಬರುತ್ತಾಳೆ. ದಿನಕ್ಕೆ ಅರವತ್ತು ಎಪ್ಪತ್ತು ರೊಟ್ಟಿ. ಎರಡು ಮನೆಗಳಲ್ಲಿ ಪಾತ್ರೆಯನ್ನೂ ತೊಳೆಯುತ್ತಾಳೆ. ಮೊದಲು ಕೆಲಸದವರಿಗೆಲ್ಲ ಕಾರ್ಡ್ ಬೇಡ, ಬೆರಳಚ್ಚು ಸಾಕು ಅಂತ ಕಮಿಟಿ ಹೇಳಿತ್ತು. ಕಾರ್ಡಾದರೆ ಬೇರೆಯವರ ಕೈಗೆ ಹೋಗುತ್ತದೆ ಅಂತ ಭಯ. ಆದರೆ ಬಿಸಿ ಹಂಚು, ಹಿಟ್ಟು, ಸೋಪಿನ ನೀರಿನಲ್ಲಿ ವರ್ಷಗಟ್ಟಲೆ ದುಡಿದ ಬೆರಳಿನ ಗೆರೆ ಸವೆದಿರುತ್ತದೆ. ಮಶೀನಿಗೆ ಬೇಕಾದದ್ದು ಆ ಗೆರೆಯೇ. ನಾಲ್ಕು ಸಲ ಇಟ್ಟರೂ ಕೆಂಪು ದೀಪ. "ನನ್ನ ಬಟ್ಟಿಗೆ ಇದು ತಗೀವಲ್ದ್ರೀ ವೈನಿ" ಅಂತ ದಿನಾ ಬೆಳಿಗ್ಗೆ ಪ್ಯಾನಲ್ಲಿನಲ್ಲಿ ಅವಳ ಮಾತು ಕೇಳುತ್ತಿತ್ತು. ನಮ್ಮ ಅತ್ತೆಯ ಒಣ ಬೆರಳನ್ನೂ ಅದು ಓದುವುದಿಲ್ಲ. ಕೊನೆಗೆ ಅವಳಿಗೂ ಕಾರ್ಡ್ ಕೊಟ್ಟೆವು. ಆದರೆ ಅದು ಬೆಳಿಗ್ಗೆ 6ರಿಂದ 11ರವರೆಗೆ ಮಾತ್ರ ನಡೆಯುವಂತೆ ಸೆಟ್ ಮಾಡಿದರು. ಆ ಸಭೆಯಲ್ಲಿ ನಾನೂ ಇದ್ದೆ, ಒಪ್ಪಿದ್ದೆ.

ಆ ವರ್ಷ ಭೋಗಿ ದಿನ ಸಂಜೆ ನಾಲ್ಕಕ್ಕೆ ಅವಳು ಬಂದಿದ್ದಾಳೆ. ಕೆಲಸಕ್ಕಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕಟ್ಟಿಕೊಂಡು, ನಮ್ಮ ಅತ್ತೆಗೆ ಕೊಟ್ಟು ಹೋಗಲು. ಕಾರ್ಡ್ ಹಿಡಿದರೆ ಕೆಂಪು ದೀಪ. ಮನೆ ನಂಬರ್ ಒತ್ತಿದ್ದರೆ ಅತ್ತೆ ತೆಗೆಯುತ್ತಿದ್ದರು. ಅವಳು ಒತ್ತಲಿಲ್ಲ. ಮರುದಿನ ಕೇಳಿದಾಗ "ಕೆಂಪ ದೀಪ ಬಂತಲ್ರೀ, ಈ ಹೊತ್ತಿನ್ಯಾಗ ನಾವು ಬರಬಾರದೇನೋ ಅಂತ ಹೊಳ್ಳಿ ಹೋದ್ನಿ" ಅಂದಳು. ಅತ್ತೆ ಅವತ್ತು ಊಟ ಸರಿಯಾಗಿ ಮಾಡಲಿಲ್ಲ. ನನಗೂ ಗಂಟಲು ಕಟ್ಟಿತು. ಹಬ್ಬದ ದಿನ ಬುತ್ತಿ ಹಿಡಿದು ಬಂದವರನ್ನು ನಮ್ಮ ಗೇಟು ವಾಪಸ್ ಕಳಿಸಿತ್ತು, ಅದಕ್ಕೆ ನಾನೂ ಸಹಿ ಹಾಕಿದ್ದೆ. ಮುಂದಿನ ಸಭೆಯಲ್ಲಿ ಇದನ್ನು ಹೇಳಿ, ಆ ಸಮಯದ ಮಿತಿ ತೆಗೆಸಿದೆ. ತೆಗೆದು ಎರಡು ವರ್ಷ ಹತ್ತಿರ ಬಂತು. ಒಂದು ಕಳ್ಳತನವಾಗಲಿ, ಒಂದು ತಂಟೆಯಾಗಲಿ ಆಗಿಲ್ಲ.

ಇದರ ಜೊತೆಗೇ ಬರುವ ಇನ್ನೊಂದು ಮಾತು. ಈ ಯಂತ್ರ ಪ್ರತಿಯೊಂದು ಕಾರ್ಡೂ ಎಷ್ಟು ಹೊತ್ತಿಗೆ ಬಂತು ಅಂತ ಬರೆದಿಡುತ್ತದೆ. ನಮ್ಮಲ್ಲಿ ಬಾಡಿಗೆಗಿರುವ ನರ್ಸ್ ಹುಡುಗಿ ರಾತ್ರಿ ಎಷ್ಟಕ್ಕೆ ಬರುತ್ತಾಳೆ ಅಂತ ಒಬ್ಬರು ಆ ಪಟ್ಟಿ ಕೇಳಿದರು. ನಾನು ಕೊಡಲಿಲ್ಲ. ಅವಳ ಶಿಫ್ಟ್ ಅವಳ ವಿಷಯ. ಆಮೇಲೆ ನಿಯಮ ಬರೆದೆವು: ಕಳ್ಳತನ, ಅವಘಡ ಆದಾಗ ಮಾತ್ರ ಇಬ್ಬರು ಪದಾಧಿಕಾರಿಗಳ ಎದುರು ಪಟ್ಟಿ ತೆಗೆಯಬೇಕು, 30 ದಿನಕ್ಕೆ ಅಳಿಸಬೇಕು. ಮುಖ ಗುರುತಿಸುವ ಪ್ಯಾನಲ್ಲಿಗೆ ಬದಲಾಗಿ ಅಂತ ಮಾರುವವರು ಎರಡು ಸಲ ಬಂದರು. ಬೇಡ ಅಂದೆವು. ಕಾರ್ಡ್ ಕಳೆದರೆ ಬೇರೆ ಕಾರ್ಡ್ ಮಾಡಬಹುದು, ಮುಖವನ್ನು ಹಾಗೆ ಬದಲಿಸಲು ಬರುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆಯ ಮಾತನ್ನೇ ಹೇಳುತ್ತದೆ. ಕೆಲಸ ಹೋಗುತ್ತದೆ ಅನ್ನುವ ಹೆದರಿಕೆಯಲ್ಲಿ ಒಬ್ಬರು 'ಹೂಂ' ಅಂದರೆ ಅದನ್ನು ಒಪ್ಪಿಗೆ ಅನ್ನಲು ನನಗೆ ಮನಸ್ಸಿಲ್ಲ.

ಆ್ಯಪ್ ಸಾಧಾರಣ. ಕರೆ ಐದಾರು ಸೆಕೆಂಡ್ ತಡವಾಗಿ ಬರುತ್ತದೆ. ಅಷ್ಟರಲ್ಲಿ ಪಾರ್ಸಲ್ ಹುಡುಗ ಮತ್ತೊಮ್ಮೆ ಒತ್ತಿರುತ್ತಾನೆ. ಕೆಲವರ ಫೋನಿಗೆ ಕರೆಯೇ ಬರುತ್ತಿರಲಿಲ್ಲ. ಫೋನಿನ ಬ್ಯಾಟರಿ ಉಳಿಸುವ ಸೆಟ್ಟಿಂಗ್ ಆ್ಯಪನ್ನು ಮಲಗಿಸುತ್ತಿತ್ತು. ಅದರಿಂದ ಈ ಆ್ಯಪಿಗೆ ವಿನಾಯಿತಿ ಕೊಟ್ಟ ಮೇಲೆ ಸರಿಹೋಯಿತು.

ಸರ್ವೀಸ್ ಬಗ್ಗೆ ಒಂದೇ ಮಾತು. ಮೊದಲು ದೂರದ ಊರಿನವರ ಹತ್ತಿರ ಎಎಂಸಿ ಇತ್ತು, ಜನ ಬರಲು ವಾರ ಹಿಡಿಯುತ್ತಿತ್ತು. ಈಗ ಹುಬ್ಬಳ್ಳಿಯವರೇ ಒಬ್ಬರು ನೋಡಿಕೊಳ್ಳುತ್ತಾರೆ. ಬೆಳಿಗ್ಗೆ ಫೋನ್ ಮಾಡಿದರೆ ಸಂಜೆಗೆ ಬರುತ್ತಾರೆ. ಅಡ್ಮಿನ್ ಪಾಸ್‌ವರ್ಡ್ ಮಾತ್ರ ನಿಮ್ಮ ಕೈಯಲ್ಲೇ ಇರಲಿ. ನಮ್ಮ ಹಳಬರಿಂದ ಅದನ್ನು ಬಿಡಿಸಿಕೊಳ್ಳಲು ಎರಡು ತಿಂಗಳು ಓಡಾಡಿದ್ದೇನೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಸ್ವಂತ ಒಂಟಿ ಮನೆಯವರಾದರೆ ಇಷ್ಟೆಲ್ಲ ಬೇಕಿಲ್ಲ. ನಾಲ್ಕು ವೈರಿನ ಸಾದಾ ವಿಡಿಯೋ ಡೋರ್ ಫೋನ್ ಮತ್ತು ಒಳ್ಳೆಯ ಬೋಲ್ಟು ಸಾಕು. ಹತ್ತಕ್ಕಿಂತ ಹೆಚ್ಚು ಮನೆಗಳಿದ್ದರೆ ಕೇಬಲ್ ಎಳೆಸಿಯೇ ಮಾಡಿಸಿ. ನಂಬರ್ ಗುಂಡಿ ಒತ್ತಿ ಕರೆಯುವ ಸೌಲಭ್ಯ ಇರಲೇಬೇಕು, ಬರುವ ಎಲ್ಲರ ಕೈಯಲ್ಲೂ ಸ್ಮಾರ್ಟ್‌ಫೋನ್ ಇರುವುದಿಲ್ಲ. ಪ್ಯಾನಲ್ಲನ್ನು ತೀರ ಎತ್ತರಕ್ಕೆ ಹಾಕಿಸಬೇಡಿ, ಮಕ್ಕಳಿಗೆ ಎಟುಕಬೇಕು.

ಬರುವ ಭಾನುವಾರ ನಮ್ಮ ಸಭೆ ಇದೆ. ಹಾಲು, ಹೂವು, ಪೇಪರ್ ಬರುವ ಹೊತ್ತಿನಲ್ಲಿ, ಬೆಳಿಗ್ಗೆ 6ರಿಂದ 8ರವರೆಗೆ, ವಾಚ್‌ಮನ್ ಇದ್ದೇ ಇರುತ್ತಾನೆ, ಆಗ ಲಾಕ್ ಬಿಟ್ಟೇ ಇಡೋಣ ಅಂತ ಅತ್ತೆ ಹೇಳಿದ್ದಾರೆ. ಅದನ್ನು ಮೊದಲ ವಿಷಯವಾಗಿ ಬರೆದಿಟ್ಟಿದ್ದೇನೆ.