ಅಸ್ಸಾಮಿನ ಹಾಗಲ–ಆಲೂ ಭಾಜಿ: ಹಿಂಡಬೇಕೇ, ಹಾಗೆಯೇ ಹುರಿಯಬೇಕೇ?

ಅಸ್ಸಾಮಿನ ಮನೆಗಳಲ್ಲಿ ಮಧ್ಯಾಹ್ನದ ಅನ್ನದ ಜೊತೆ ಮಾಡುವ ತಿತಾ ಕೆರೇಲಾ–ಆಲೂ ಭಾಜಿಗೆ ಬೇಕಾಗುವುದು ಹಾಗಲಕಾಯಿ, ಆಲೂಗಡ್ಡೆ, ಸಾಸಿವೆ ಎಣ್ಣೆ, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಸಿನ ಮತ್ತು ಉಪ್ಪು ಮಾತ್ರ. ನಮ್ಮ ಹಾಗಲದ ಪಲ್ಯಕ್ಕೂ ಗೊಜ್ಜಿಗೂ ಆಧಾರವಾಗಿರುವ ಹುಣಸೆಹಣ್ಣು, ಬೆಲ್ಲ, ತೆಂಗಿನತುರಿಗಳಲ್ಲಿ ಒಂದೂ ಇದರಲ್ಲಿಲ್ಲ. ಹುಳಿ–ಸಿಹಿಗಳ ಆಸರೆ ಇಲ್ಲದಿರುವುದರಿಂದ ಹೋಳಿನ ದಪ್ಪ, ಎಣ್ಣೆ, ಆಲೂಗಡ್ಡೆ ಬಾಣಲೆಗೆ ಬೀಳುವ ಹೊತ್ತು ಇವೆಲ್ಲವೂ ರುಚಿಯಲ್ಲಿ ನೇರವಾಗಿ ಕಾಣಿಸಿಕೊಳ್ಳುತ್ತವೆ. ಬೆಂಗಳೂರಿನ ನನ್ನ ಅಡುಗೆಮನೆಯಲ್ಲಿ ಇದನ್ನು ಬೇರೆ ಬೇರೆ ಕ್ರಮಗಳಲ್ಲಿ ಮಾಡಿ, ಸಾಧ್ಯವಾದಾಗಲೆಲ್ಲ ಎರಡು ಬಗೆಯನ್ನು ಒಂದೇ ಊಟಕ್ಕೆ ಬಡಿಸಿಕೊಂಡು ರುಚಿ ನೋಡಿದ್ದೇನೆ.

ಮೊದಲ ಪ್ರಶ್ನೆ, ಹಾಗಲವನ್ನು ಉಪ್ಪು ಹಚ್ಚಿ ಹಿಂಡಬೇಕೇ ಎಂಬುದು. ಕನ್ನಡ ಮನೆಗಳಲ್ಲಿ ಬೆಳೆದವರ ಕೈ ಇಲ್ಲಿ ತಾನಾಗಿಯೇ ಉಪ್ಪಿನ ಡಬ್ಬಿಯತ್ತ ಹೋಗುತ್ತದೆ. ಹೋಳುಗಳಿಗೆ ಉಪ್ಪು ಹಚ್ಚಿ ಇಪ್ಪತ್ತು ನಿಮಿಷ ಇಟ್ಟರೆ ಒಳಗಿನ ನೀರು ಹೊರಬರುತ್ತದೆ, ಹಿಂಡಿದಾಗ ಆ ನೀರಿನ ಜೊತೆಗೆ ಕಹಿಯ ಒಂದು ಪಾಲೂ ಹೋಗುತ್ತದೆ. ಹಿಂಡಿದ ಹಾಗಲಕ್ಕೆ ಇನ್ನೊಂದು ಲಾಭವೂ ಇದೆ: ನೀರು ಕಡಿಮೆಯಾದ ಹೋಳು ಬೇಗ ಹುರಿದು ಗರಿಗರಿಯಾಗುತ್ತದೆ. ಆದರೆ ಅಸ್ಸಾಮೀ ಭಾಜಿಯಲ್ಲಿ ಈ ಲಾಭವೇ ತೊಡಕಾಗುವುದನ್ನು ಕಂಡೆ. ಆಲೂಗಡ್ಡೆ ಮೆತ್ತಗಾಗುವಷ್ಟರಲ್ಲಿ ಹಿಂಡಿದ ಹಾಗಲ ಒಣಗಿ ನಾರಾಗಿರುತ್ತದೆ. ಒಳಗೆ ಉಳಿದಿರುವ ಉಪ್ಪಿನ ಅಳತೆ ಸಿಗದೆ ಕೊನೆಯಲ್ಲಿ ಹಾಕುವ ಉಪ್ಪಿನ ಲೆಕ್ಕವೂ ತಪ್ಪುತ್ತದೆ. ಅರಿಸಿನದ ನೀರಿನಲ್ಲಿ ಒಂದು ಕುದಿ ಬರಿಸಿ ಬಸಿಯುವ ಕ್ರಮ ಇದಕ್ಕಿಂತ ದುರ್ಬಲ: ಕಹಿಯ ಜೊತೆ ಹಾಗಲದ ಹಸಿರು ಪರಿಮಳವೂ ನೀರಿನ ಪಾಲಾಗಿ, ಹೋಳು ಹುರಿಯುವ ಬದಲು ಬಾಣಲೆಯಲ್ಲಿ ಮುದ್ದೆಯಾಗುತ್ತದೆ.

ಹಿಂಡದೆ, ಕುದಿಸದೆ, ಹಾಗೆಯೇ ಹುರಿದ ಹಾಗಲವೇ ಈ ಪಂದ್ಯದಲ್ಲಿ ಗೆದ್ದಿತು. ಅದಕ್ಕೆ ಷರತ್ತು ಒಂದೇ, ಹೋಳು ತೆಳ್ಳಗಿರಬೇಕು. ಕಾಯಿಯನ್ನು ಉದ್ದಕ್ಕೆ ಸೀಳಿ, ಬಲಿತ ಬೀಜವಿದ್ದರೆ ತೆಗೆದು, ಮೂರು ಮಿಲಿಮೀಟರಿಗೆ ಮೀರದ ಅರ್ಧಚಂದ್ರಗಳಾಗಿ ಹೆಚ್ಚಿದರೆ ಹೋಳಿನ ಅಂಚು ಕಂದಿ, ಆ ಕಂದಿದ ರುಚಿಯ ಕೆಳಗೆ ಕಹಿ ಹದವಾಗಿ ನಿಲ್ಲುತ್ತದೆ. ಕಹಿಯನ್ನು ಕಳೆಯಬೇಕಾದ ದೋಷವೆಂದು ಭಾವಿಸಿದವರಿಗೆ ಈ ಮಾತು ಒಪ್ಪಿಗೆಯಾಗದಿರಬಹುದು. ಅಸ್ಸಾಮಿನಲ್ಲಿ ಅದನ್ನು ಹಾಗೆ ಭಾವಿಸುವ ವಾಡಿಕೆ ಕಡಿಮೆ. ಏಪ್ರಿಲ್ ನಡುವಿನ ಹೊಸವರ್ಷದ ಹಬ್ಬವಾದ ರಂಗಾಲಿ ಬಿಹುವಿನ ಮೊದಲ ದಿನ, ಅಂದರೆ ದನಗಳ ದಿನವಾದ ಗೊರು ಬಿಹುವಿನಂದು, ದನಗಳನ್ನು ಮೀಯಿಸುವಾಗ ಅವುಗಳ ಮೇಲೆ ಎಸೆಯುವ ಸೋರೆ, ಬದನೆಯ ಹೋಳುಗಳ ನಡುವೆ ಹಾಗಲಕ್ಕೂ ಜಾಗವಿದೆ.

ಕಾಯಿಯ ಜಾತಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಮ್ಮ ಮಾರುಕಟ್ಟೆಯ ಉದ್ದನೆಯ ತಿಳಿಹಸಿರು ಹಾಗಲ ಸೌಮ್ಯ, ಗಿಡ್ಡನೆಯ ಕಡುಹಸಿರು ಮುಳ್ಳುಹಾಗಲ ತೀಕ್ಷ್ಣ. ಎರಡನೆಯದರಲ್ಲಿ ಭಾಜಿ ಹೆಚ್ಚು ಸ್ವಾರಸ್ಯಕರವಾಗುತ್ತದೆ, ಆದರೆ ಮಕ್ಕಳಿರುವ ಮನೆಯಲ್ಲಿ ಮೊದಲನೆಯದೇ ಸರಿ.

ಎರಡನೆಯ ಪ್ರಶ್ನೆ ಆಲೂಗಡ್ಡೆಯದು, ಮತ್ತು ನನ್ನ ಮಟ್ಟಿಗೆ ಭಾಜಿಯ ಹಣೆಬರಹ ನಿರ್ಧಾರವಾಗುವುದು ಇಲ್ಲಿಯೇ. ಎರಡನ್ನೂ ಬೇರೆ ಬೇರೆಯಾಗಿ ಹುರಿದು ಕೊನೆಯಲ್ಲಿ ಬೆರೆಸುವ ಕ್ರಮದಲ್ಲಿ ಎರಡೂ ತಮ್ಮ ತಮ್ಮ ಹದಕ್ಕೆ ಬರುತ್ತವೆ, ತಟ್ಟೆಯಲ್ಲಿ ನೋಡಲೂ ಚೆಂದ. ತಿನ್ನುವಾಗ ಮಾತ್ರ ಒಂದು ತುತ್ತು ಬರಿಯ ಆಲೂಗಡ್ಡೆಯಾಗಿ, ಮುಂದಿನ ತುತ್ತು ಬರಿಯ ಕಹಿಯಾಗಿ ಬಾಯಿಗೆ ಬರುತ್ತದೆ. ಆಲೂಗಡ್ಡೆಯನ್ನು ಮೊದಲು ಅರೆಬೇಯಿಸಿ, ಆಮೇಲೆ ಹಾಗಲ ಸೇರಿಸುವ ಕ್ರಮ ಇದಕ್ಕಿಂತ ಮೇಲು. ಹೋಳುಗಳು ದಪ್ಪಗಿದ್ದಾಗ ಬೇರೆ ದಾರಿಯೂ ಇಲ್ಲ. ಆದರೆ ಆಲೂಗಡ್ಡೆಯನ್ನು ಹಾಗಲದಷ್ಟೇ ತೆಳ್ಳಗೆ, ಬೆಂಕಿಕಡ್ಡಿಗಿಂತ ತುಸು ದಪ್ಪಗೆ ಸೀಳಿ, ಹತ್ತು ನಿಮಿಷ ನೀರಿನಲ್ಲಿಟ್ಟು ಮೇಲಿನ ಪಿಷ್ಟ ತೊಳೆದು, ಚೆನ್ನಾಗಿ ಒರೆಸಿ, ಹಾಗಲದ ಜೊತೆಗೇ ಬಾಣಲೆಗೆ ಹಾಕಿದಾಗ ಬಂದ ರುಚಿಯೇ ಬೇರೆ. ಮುಚ್ಚಳದ ಒಳಗಿನ ಆವಿಯಲ್ಲಿ ಹಾಗಲದ ರಸ ಆಲೂಗಡ್ಡೆಗೆ ಇಳಿದು ಅದೂ ಸ್ವಲ್ಪ ಕಹಿಯಾಗುತ್ತದೆ; ಹಾಗಲದ ಕಹಿಗೆ ಆಲೂಗಡ್ಡೆಯ ಮೆದು ಸಿಕ್ಕುತ್ತದೆ. ಕಹಿಯನ್ನು ಬೆಲ್ಲದಂತೆ ಮುಚ್ಚಿಡುವ ಕೆಲಸವನ್ನು ಆಲೂಗಡ್ಡೆ ಮಾಡುವುದಿಲ್ಲ, ತಟ್ಟೆಯ ತುಂಬ ಹಂಚುವ ಕೆಲಸವನ್ನು ಮಾಡುತ್ತದೆ. ಪಿಷ್ಟ ತೊಳೆಯದೆ ಹಾಕಿದರೆ ಎಲ್ಲವೂ ಒಂದಕ್ಕೊಂದು ಅಂಟಿಕೊಂಡು ತಳ ಹಿಡಿಯುವುದರಿಂದ ಆ ಹತ್ತು ನಿಮಿಷವನ್ನು ಉಳಿಸಲು ಹೋಗಬಾರದು.

ಎಣ್ಣೆಯ ವಿಷಯದಲ್ಲಿ ಕಡಲೆಕಾಯಿ ಎಣ್ಣೆಯನ್ನೂ ಸಾಸಿವೆ ಎಣ್ಣೆಯನ್ನೂ ಅಕ್ಕಪಕ್ಕದಲ್ಲಿ ಇಟ್ಟು ನೋಡಿದೆ. ಕಡಲೆಕಾಯಿ ಎಣ್ಣೆಯ ಭಾಜಿ ಕೆಟ್ಟದ್ದಲ್ಲ, ಆದರೆ ಅದು ನಮ್ಮ ಪಲ್ಯದ ಒಂದು ಬಡ ರೂಪದಂತೆ ತೋರುತ್ತದೆ, ಒಗ್ಗರಣೆಗೆ ಕರಿಬೇವು ಹಾಕುವ ಆಸೆಯನ್ನೂ ಹುಟ್ಟಿಸುತ್ತದೆ. ಸಾಸಿವೆ ಎಣ್ಣೆಯ ತೀಕ್ಷ್ಣತೆ ಹಾಗಲದ ಕಹಿಗೆ ಸಮವಾಗಿ ನಿಲ್ಲುತ್ತದೆ. ಅದನ್ನು ತೆಳುವಾಗಿ ಹೊಗೆಯಾಡುವವರೆಗೆ ಕಾಯಿಸಿ, ಉರಿ ತಗ್ಗಿಸಿ, ಅರ್ಧ ನಿಮಿಷ ಬಿಟ್ಟು ಅಡುಗೆ ಶುರು ಮಾಡಬೇಕು. ಹಸಿ ಎಣ್ಣೆಯ ಮೂಗಿಗೇರುವ ಘಾಟು ಬಿಸಿಗೆ ಹಾರಿಹೋಗಿ ಮೆಲುವಾದ ಪರಿಮಳವಷ್ಟೇ ಉಳಿಯುತ್ತದೆ. ಈ ಎಣ್ಣೆಗೆ ರೂಢಿಯಿಲ್ಲದವರು ಅರ್ಧಕ್ಕರ್ಧ ಬೆರೆಸಿ ಆರಂಭಿಸಬಹುದು ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ಹಾಗೆ ಮಾಡಿದಾಗ ನನಗೆ ಎರಡೂ ಎಣ್ಣೆಗಳ ರುಚಿ ಸಿಗಲಿಲ್ಲ.

ಒಗ್ಗರಣೆಯಲ್ಲಿ ಪಾಂಚ್‌ಫೋರನ್ ಹಾಕುವವರೂ ಇದ್ದಾರೆ, ಏನನ್ನೂ ಹಾಕದವರೂ ಇದ್ದಾರೆ. ಜೀರಿಗೆ, ಸಾಸಿವೆ, ಸೋಂಪು, ಮೆಂತ್ಯ, ಕಲೌಂಜಿ ಈ ಐದು ಇಡಿ ಕಾಳುಗಳ ಮಿಶ್ರಣದಲ್ಲಿ ಸೋಂಪಿನ ಸಿಹಿ ವಾಸನೆ ಹಾಗಲಕ್ಕೆ ಒಗ್ಗುತ್ತದೆ. ಆದರೆ ಮೆಂತ್ಯ ಸ್ವಲ್ಪ ಕಪ್ಪಾದರೂ ಹಾಗಲದ ಕಹಿಯ ಮೇಲೆ ಇನ್ನೊಂದು ಒರಟು ಕಹಿ ಬಂದು ಕೂರುತ್ತದೆ. ಮಸೂರ್ ದಾಲಿಗೆ ಈಗಾಗಲೇ ಪಾಂಚ್‌ಫೋರನ್ ಒಗ್ಗರಣೆ ಬಿದ್ದಿದ್ದರೆ ಭಾಜಿಗೆ ಬೇಡವೆಂದೇ ನನ್ನ ಅಭಿಪ್ರಾಯ. ಬರಿಯ ಕಲೌಂಜಿಯ ಚಿಟಿಕೆ ಇವೆರಡರ ನಡುವಿನ ಒಳ್ಳೆಯ ಆಯ್ಕೆ.

ಬಾಣಲೆ ಕಬ್ಬಿಣದ್ದೇ ಆಗಿರಲಿ. ನಾನ್‌ಸ್ಟಿಕ್ ಪಾತ್ರೆಯಲ್ಲಿ ಎಣ್ಣೆಯ ಖರ್ಚು ಉಳಿಯುತ್ತದೆ, ಹೋಳಿನ ಅಂಚು ಮಾತ್ರ ಅಷ್ಟು ಕಂದುವುದಿಲ್ಲ. ಹಿಂಡದ ಹಾಗಲಕ್ಕೆ ಆ ಕಂದುವಿಕೆ ಬೇಕೇ ಬೇಕು.

ಇವೆಲ್ಲದರ ನಂತರ ನಮ್ಮ ಮನೆಯಲ್ಲಿ ನಿಂತಿರುವ ಕ್ರಮ ಹೀಗಿದೆ. ಕಾಲು ಕಿಲೋ ಹಾಗಲಕ್ಕೆ ಇನ್ನೂರು ಗ್ರಾಂ ಆಲೂಗಡ್ಡೆ, ಮೂರು ದೊಡ್ಡ ಚಮಚ ಸಾಸಿವೆ ಎಣ್ಣೆ. ಕಾದ ಎಣ್ಣೆಗೆ ಸೀಳಿದ ಈರುಳ್ಳಿ ಹಾಕಿ, ಅದು ಬಾಡಿದ ಕೂಡಲೇ ಎರಡೂ ತರಕಾರಿ, ಅರ್ಧ ಚಮಚ ಅರಿಸಿನ, ಉಪ್ಪು. ಸಣ್ಣ ಉರಿಯಲ್ಲಿ ಐದಾರು ನಿಮಿಷ ಮುಚ್ಚಿ, ನೀರು ಮುಟ್ಟಿಸದೆ ಬೇಯಿಸಿ, ಆಮೇಲೆ ಮುಚ್ಚಳ ತೆಗೆದು, ಮಧ್ಯಮ ಉರಿಯಲ್ಲಿ ಸುಮಾರು ಹತ್ತು ನಿಮಿಷ, ಆಗಾಗ ಮಾತ್ರ ಮಗುಚುತ್ತ ಹುರಿಯಬೇಕು. ಸೌಟು ಹೆಚ್ಚು ಆಡಿಸಿದರೆ ಆಲೂಗಡ್ಡೆ ಮುರಿಯುತ್ತದೆ. ಸೀಳಿದ ಹಸಿಮೆಣಸಿನಕಾಯಿ ಕೊನೆಯ ಎರಡು ನಿಮಿಷಕ್ಕೆ. ಇದನ್ನು ಊಟದ ಆರಂಭದಲ್ಲಿ, ದಾಲು ಬೀಳುವ ಮೊದಲು, ಬಿಸಿ ಅನ್ನಕ್ಕೆ ಕಲಸಿಕೊಂಡು ತಿನ್ನಬೇಕು. ನಮ್ಮ ಪಲ್ಯದ ಹಾಗೆ ಊಟದುದ್ದಕ್ಕೂ ಬದಿಗಿಟ್ಟುಕೊಂಡು ನಂಚಿಕೊಳ್ಳುತ್ತ ಹೋದರೆ, ಮೊಸರನ್ನಕ್ಕೆ ಬರುವ ಹೊತ್ತಿಗೆ ಭಾಜಿ ತಣ್ಣಗಾಗಿ ಎಣ್ಣೆ ಬಿಟ್ಟಿರುತ್ತದೆ.